ಮುತ್ತಮ್ಮನವರು ಎತ್ತಿದ ಪ್ರಶ್ನೆ



ತನ್ನ ದೇಶದ ಪರವಾಗಿ ಪರದೇಶದಲ್ಲಿದ್ದು ವ್ಯವಹರಿಸುವವರೇ ರಾಯಭಾರಿ. ನಮ್ಮಲ್ಲಿ ಆ ಹುದ್ದೆಗೆ ಮುಖ್ಯ ದಾರಿ ಭಾರತೀಯ ವಿದೇಶಾಂಗ ಸೇವೆ. ಅದಕ್ಕೆ ಸೇರಿದ ಪ್ರಥಮ ಮಹಿಳೆ ನಮ್ಮ ಕೊಡಗಿನವರು. ೧೯೨೪ರಲ್ಲಿ ವಿರಾಜಪೇಟೆಯಲ್ಲಿ ಜನಿಸಿದ ಸಿ.ಬಿ. ಮುತ್ತಮ್ಮ.

ಒಂಬತ್ತನೇ ವಯಸ್ಸಿಗೆ ತಂದೆ ತೀರಿಕೊಂಡರು. ತಾಯಿ ಧೃತಿಗೆಡದೆ ನಾಲ್ಕೂ ಮಕ್ಕಳನ್ನು ಓದಿಸಿದರು. ಮಡಿಕೇರಿಯಲ್ಲಿ ಶಾಲೆ, ಮದ್ರಾಸಿನಲ್ಲಿ ಕಾಲೇಜು ಮುಗಿಸಿದ ಮುತ್ತಮ್ಮ ೧೯೪೮ರ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ೧೯೪೯ರಲ್ಲಿ ಸೇವೆಗೆ ಸೇರಿದರು. ೧೯೭೦ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಮುಂದೆ ಪಶ್ಚಿಮ ಆಫ್ರಿಕದ ಘಾನಾ ದೇಶದಲ್ಲಿ ಭಾರತವನ್ನು ಪ್ರತಿನಿಧಿಸಿದರು.

ಬಸವಸಾಗರದ ದಂಡೆಯ ನಾರಾಯಣಪುರದ ಮಕ್ಕಳು ಭೂಪಟದಲ್ಲಿ ಘಾನಾವನ್ನು ಹುಡುಕಿರಿ. ಅಲ್ಲಿಯೂ ವೋಲ್ಟಾ ನದಿಗೆ ಅಕೊಸೊಂಬೊ ಎಂಬ ದೊಡ್ಡ ಆಣೆಕಟ್ಟು ಇದೆ. ಸೊನ್ನೆ ಡಿಗ್ರಿ ರೇಖಾಂಶ ಆ ದೇಶದ ಮೇಲೆಯೇ ಹಾದುಹೋಗುತ್ತದೆ. ನಮಗೆ ಸಂಜೆ ಐದೂವರೆಯಾದಾಗ ಅವರಿಗೆ ಮಧ್ಯಾಹ್ನ ಹನ್ನೆರಡು!

ಇಷ್ಟು ದೂರ ಹೋದವರಿಗೂ ಒಂದು ಗೋಡೆ ಅಡ್ಡವಿತ್ತು. ೧೯೬೧ರ ನಿಯಮದ ಪ್ರಕಾರ ಈ ಸೇವೆಯ ಮಹಿಳೆ ಮದುವೆಯಾಗಬೇಕಾದರೆ ಸರಕಾರದ ಲಿಖಿತ ಅನುಮತಿ ಬೇಕು. ಮದುವೆಯಾದ ಮೇಲೆ ಸಂಸಾರದಿಂದ ಕೆಲಸಕ್ಕೆ ಅಡ್ಡಿಯೆಂದು ಸರಕಾರಕ್ಕೆ ಕಂಡರೆ ರಾಜೀನಾಮೆ ಕೇಳಬಹುದು. ಗಂಡಸರಿಗೆ ಇಂಥ ನಿಯಮವಿರಲಿಲ್ಲ.

ಮುತ್ತಮ್ಮ ಅವಿವಾಹಿತೆಯಾಗಿಯೇ ಉಳಿದರು. ಆದರೂ ಬಡ್ತಿ ಸಿಗದಿದ್ದಾಗ, ಹೆಣ್ಣೆಂಬ ಕಾರಣಕ್ಕೆ ಈ ತಾರತಮ್ಯವೇ ಎಂದು ಸುಪ್ರೀಂ ಕೋರ್ಟಿಗೆ ಹೋದರು. ಮೊಕದ್ದಮೆ ನಡೆಯುತ್ತಿರುವಾಗಲೇ ಬಡ್ತಿ ಬಂತು! ಸಂಸಾರದ ಹೊರೆ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಸಿಗೂ ಆದೀತಲ್ಲ ಎಂಬ ಅರ್ಥದ ಮಾತನ್ನು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ೧೯೭೯ರ ತೀರ್ಪಿನಲ್ಲಿ ಬರೆದರು. ಅವರ ಸೇವಾ ಹಿರಿತನವನ್ನು ಮರುಪರಿಶೀಲಿಸುವಂತೆ ಸರಕಾರಕ್ಕೆ ಸೂಚಿಸಿದರು. ಆ ಮದುವೆಯ ನಿಯಮವೂ ಹೋಯಿತು. ಮುತ್ತಮ್ಮ ೨೦೦೯ರಲ್ಲಿ ನಿಧನರಾದರು.

ಪಾಲಕರೇ, ಪುಸ್ತಕದಲ್ಲಿದ್ದ ನಿಯಮ ಅಳಿಸಿತು. ಆದರೆ 'ಹತ್ತನೇತ್ತ ಆಯಿತು, ಇನ್ನು ಓದು ಸಾಕು, ವರ ನೋಡೋಣ' ಎಂಬ ನಿಯಮ ನಮ್ಮ ಭಾಗದ ಕೆಲವು ಮನೆಗಳಲ್ಲಿ ಇನ್ನೂ ಇದೆ. ಮುತ್ತಮ್ಮನವರು ಹಿಡಿದ ದಾರಿಯ ಪರೀಕ್ಷೆಗೆ ಯಾವುದೇ ವಿಷಯದ ಪದವಿ ನಡೆಯುತ್ತದೆ, ಆದರೆ ೨೧ ವರ್ಷ ತುಂಬಿರಬೇಕು. ಹದಿನಾರಕ್ಕೇ ಪಾಟಿಚೀಲ ಕಸಿದುಕೊಂಡರೆ ಆ ಬಾಗಿಲ ತನಕ ಮಗಳು ನಡೆಯುವುದಾದರೂ ಹೇಗೆ? ಈ ನಿಯಮ ತೆಗೆಯಲು ಸುಪ್ರೀಂ ಕೋರ್ಟಿಗೆ ಹೋಗಬೇಕಾಗಿಲ್ಲ. ತಂದೆತಾಯಿ ಮನಸ್ಸು ಮಾಡಿದರೆ ಸಾಕು.