ಹರಳೆಣ್ಣೆಯ ಮಟ್ಟಿಗೆ ಅಜ್ಜಿಯ ಮಾತು ಎಷ್ಟು ನಂಬಬಹುದು?

‘ನಮ್ಮ ಅಜ್ಜಿ ಕಾಲದಿಂದ ಬಂದದ್ದು’ ಎಂದರೆ ಹರಳೆಣ್ಣೆಯ ಚರ್ಚೆ ಮುಗಿದಂತೆ. ನನಗೆ ಅಜ್ಜಿಯ ಮೇಲೆ ಅಪನಂಬಿಕೆ ಇಲ್ಲ. ಆದರೆ ಆಕೆಗೂ ಕಣ್ಣಿಗೆ ಕಂಡದ್ದಷ್ಟೇ ಗೊತ್ತು. ಫಲ ಬೇಗ ಕಾಣುವ ಕಡೆ ರೂಢಿ ಒಳ್ಳೆಯ ಸಾಕ್ಷಿ, ತಡವಾಗಿ ಕಾಣುವ ಕಡೆ ಅಲ್ಲ.

ಎಣ್ಣೆ ತೆಗೆಯುವ ಹಳೆಯ ಕ್ರಮವನ್ನೇ ನೋಡಿ. ಹರಳನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಲ್ಲಿ ತೆಗೆದು, ನೀರಿನ ಪಸೆ ಆರುವವರೆಗೆ ಮತ್ತೆ ಕಾಯಿಸುತ್ತಿದ್ದರು. ಬೀಜದಲ್ಲಿ ರಿಸಿನ್ ಎಂಬ ಘೋರ ವಿಷವಿದೆ. ಅದು ಪ್ರೋಟೀನ್, ಎಣ್ಣೆಯಲ್ಲಿ ಕರಗುವುದಿಲ್ಲ, ಚೆನ್ನಾಗಿ ಕುದಿಸಿದರೆ ಕೆಡುತ್ತದೆ. ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಆದರೂ ಗಾಣದ ಹರಳುಹಿಂಡಿ ದನದ ಬಾನಿಗೆ ಹೋಗದೆ ಗೊಬ್ಬರವಾಗಿ ಹೊಲಕ್ಕೆ ಹೋಯಿತು. ತಿಂದ ದನ ಸತ್ತದ್ದನ್ನು ಕಂಡವರ ಬುದ್ಧಿ ಅದು.

ಭೇದಿಯದೂ ಇದೇ ಕಥೆ. ಬೆಳಿಗ್ಗೆ ಕುಡಿದರೆ ಸಂಜೆಯೊಳಗೆ ಫಲ ಗೊತ್ತಾಗುತ್ತದೆ. ಈ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಹತ್ತಿರ ಹತ್ತಿರ ಶೇ. 90ರಷ್ಟು ರಿಸಿನೋಲಿಕ್ ಆಮ್ಲ. ಕರುಳಿನಲ್ಲಿ ಅದು ಬಿಡುಗಡೆಯಾಗಿ ಸ್ನಾಯುಗಳನ್ನು ಹಿಂಡಿಸುತ್ತದೆ. ಕರುಳಿನಲ್ಲಿಯೂ ಗರ್ಭಕೋಶದಲ್ಲಿಯೂ ಅದು ಒಂದೇ ಬಗೆಯ ಗ್ರಾಹಕದ ಮೂಲಕ ಕೆಲಸ ಮಾಡುತ್ತದೆಂದು ಜರ್ಮನಿಯ ಸಂಶೋಧಕರು 2012ರಲ್ಲಿ ಇಲಿಗಳ ಮೇಲೆ ತೋರಿಸಿದರು. ಹೆರಿಗೆ ನೋವು ಬರಲೆಂದು ಸೂಲಗಿತ್ತಿಯರು ಇದನ್ನು ಕುಡಿಸುತ್ತಿದ್ದುದು ಸುಮ್ಮನೆ ಅಲ್ಲ. ಗರ್ಭಿಣಿಯರು ಇದನ್ನು ತಾವಾಗಿಯೇ ಕುಡಿಯಬಾರದು ಎನ್ನುವುದೂ ಅದಕ್ಕೇ. ಅಪರೂಪದ ಮಲಬದ್ಧತೆಗೆ ಇದು ಮದ್ದೇ ಸರಿ. ಆದರೆ ತಿಂಗಳಿಗೊಮ್ಮೆ ‘ಹೊಟ್ಟೆ ತೊಳೆಯಲು’ ಕುಡಿದರೆ ನೀರು, ಲವಣ ಹೋಗುತ್ತವೆಯೇ ಹೊರತು ಕರುಳು ಶುದ್ಧವಾಗುವುದಿಲ್ಲ.

ರೂಢಿ ಸೋಲುವುದು ಇನ್ನೊಂದು ಕಡೆ. ಹಸುಗೂಸನ್ನು ಕಾಲಮೇಲೆ ಮಲಗಿಸಿ, ಒಳಲೆಯಲ್ಲಿ ಎಣ್ಣೆ ಹೊಯ್ದು, ಅಳುವ ಬಾಯಿಗೆ ಬಲವಂತವಾಗಿ ಬಿಡುತ್ತಾರೆ. ಮೂಗಿಗೂ ಎರಡು ತೊಟ್ಟು. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಬರಬಹುದು. ಕೆಮ್ಮು, ಜ್ವರ ಕಾಣಿಸುವ ಹೊತ್ತಿಗೆ ಎಣ್ಣೆಯ ನೆನಪು ಯಾರಿಗೂ ಇರುವುದಿಲ್ಲ. ಶೀತವಾಯಿತು, ದೃಷ್ಟಿಯಾಯಿತು ಎಂದು ನಿವಾಳಿಸುತ್ತಾರೆ. ಕಾರಣಕ್ಕೂ ಫಲಕ್ಕೂ ನಡುವೆ ದಿನಗಳು ಬಿದ್ದರೆ ಎಂಥ ಅನುಭವಿಯೂ ಮೋಸಹೋಗುತ್ತಾರೆ.

ಕೂದಲಿನ ವಿಷಯದಲ್ಲಿಯೂ ಹಾಗೆಯೇ. ಹರಳೆಣ್ಣೆ ಹಚ್ಚಿದ ಕೂದಲು ಮಿರುಗುತ್ತದೆ, ದಪ್ಪಗೆ ಕಾಣುತ್ತದೆ. ಬೆಳೆಯಿತೆಂದು ನಂಬುವುದು ಸುಲಭ. ಬೆಳೆಸುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಒಡೆದ ಹಿಮ್ಮಡಿಗೆ ಹಚ್ಚುವವರ ಜೊತೆ ನನ್ನ ತಕರಾರಿಲ್ಲ, ಅದು ಚರ್ಮದ ಪಸೆ ಆರದಂತೆ ತಡೆಯುತ್ತದೆ. ಹೊಕ್ಕುಳಿಗೆ ಬಿಟ್ಟು ಕಣ್ಣು ಸರಿಮಾಡುವ ಮೊಬೈಲ್ ವೈದ್ಯರದಂತೂ ರೂಢಿಯೂ ಅಲ್ಲ, ವಿಜ್ಞಾನವೂ ಅಲ್ಲ. ಒಣಗಣ್ಣಿಗೆ ಕೊಡುವ ಕೆಲವು ಹನಿಮದ್ದುಗಳಲ್ಲಿ ಹರಳೆಣ್ಣೆ ಇರುವುದು ನಿಜ. ಅದು ಕ್ರಿಮಿರಹಿತವಾಗಿ ಶುದ್ಧೀಕರಿಸಿ, ಅಳೆದು ಬೆರೆಸಿದ್ದು. ಅಡುಗೆಮನೆಯ ಸೀಸೆಯದನ್ನು ಕಣ್ಣಿಗೆ ಬಿಡುವಂತಿಲ್ಲ.