ಒಂದ್ ಮಾತಲ್ಲಿ ಹೇಳಿ ಸಾರ್!

2013ರ ವಿಧಾನಸಭಾ ಚುನಾವಣೆಯಲ್ಲಿ ನಾನೂ ಒಂದು ಹೊಸ ಪಕ್ಷಕ್ಕಾಗಿ ಬೆಂಗಳೂರಿನ ಬೀದಿ ಬೀದಿ ಅಲೆದವನು. ಪಕ್ಷದ ಹೆಸರು ಬೇಡ ಬಿಡಿ, ಒಳ್ಳೆಯವರ ಪಕ್ಷ ಅಂತ ಇಟ್ಕೊಳ್ಳಿ. ದುಡ್ಡು ಹಂಚಲ್ಲ, ಜಾತಿ ನೋಡಲ್ಲ, ಕ್ರಿಮಿನಲ್ ಕೇಸ್ ಇರೋರಿಗೆ ಟಿಕೆಟ್ ಕೊಡಲ್ಲ. ವಾರವಿಡೀ ಆಫೀಸಿನಲ್ಲಿ ದುಡಿದು, ಶನಿವಾರ-ಭಾನುವಾರ ಮನೆ ಮನೆ ಹತ್ತಿ ಇಳಿಯುತ್ತಿದ್ದ ಹತ್ತಿಪ್ಪತ್ತು ಜನ ನಾವು. ಕೈಯಲ್ಲಿ ನಲವತ್ತು ಪುಟದ ಪ್ರಣಾಳಿಕೆ.

ಒಂದು ಭಾನುವಾರ ಬೆಳಿಗ್ಗೆ, ಮರದ ಕೆಳಗೆ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದ ಹಿರಿಯರೊಬ್ಬರ ಹತ್ತಿರ ನಿಂತು ನಾನು ಶುರು ಹಚ್ಚಿಕೊಂಡೆ. ಸಂವಿಧಾನದ 74ನೇ ತಿದ್ದುಪಡಿ, ಅಧಿಕಾರ ವಿಕೇಂದ್ರೀಕರಣ, ವಾರ್ಡ್ ಸಮಿತಿ, ಪಾರದರ್ಶಕ ಬಜೆಟ್... ಅವರು ತಲೆ ಆಡಿಸುತ್ತಲೇ ಎರಡು ಅಂಗಿ ಮುಗಿಸಿದರು. ಆಮೇಲೆ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಕೇಳಿದರು: "ಎಲ್ಲಾ ಸರಿ ಸಾರ್. ನೀವು ಗೆದ್ರೆ ನನಗೇನಾಗತ್ತೆ? ಒಂದ್ ಮಾತಲ್ಲಿ ಹೇಳಿ."

ಆ ಒಂದು ಮಾತು ನನ್ನ ಹತ್ತಿರ ಇರಲಿಲ್ಲ. ಪ್ರಣಾಳಿಕೆ ಕೈಗಿಟ್ಟು ಮುಂದೆ ಹೋದೆ. ಜೊತೆಗಿದ್ದ ಗೆಳೆಯ ಅಂದ, "ಇವ್ರಿಗೆಲ್ಲ ಇದು ಅರ್ಥ ಆಗಲ್ಲ ಬಿಡು ಮಗಾ." ನಾನೂ ಹೂಂಗುಟ್ಟಿದೆ. ಫಲಿತಾಂಶದ ದಿನ ನಮ್ಮ ಅಭ್ಯರ್ಥಿಯ ಠೇವಣಿ ಹೋಯಿತು. ಆವತ್ತು ಸಂಜೆಯೂ ನಾವು ಬೈದದ್ದು ಮತದಾರರನ್ನೇ.

ಅರ್ಥವಾಗದೆ ಇದ್ದದ್ದು ಯಾರಿಗೆ ಅಂತ ಈಗ ಕೇಳಿಕೊಳ್ಳೋಣ. ಸ್ಟಾರ್ಟಪ್‌ಗೆ ಬಂಡವಾಳ ಕೇಳೋಕೆ ಹೋದಾಗ ಎರಡು ನಿಮಿಷದಲ್ಲಿ ವಿಷಯ ಹೇಳಿ ಮುಗಿಸಬೇಕು ಅಂತ ನಮಗೆಲ್ಲ ಗೊತ್ತು. ಅದಕ್ಕೆ ವಾರಗಟ್ಟಲೆ ತಯಾರಿ ಬೇರೆ. ದುಡ್ಡಿರೋರ ಸಮಯಕ್ಕೆ ಇಷ್ಟು ಬೆಲೆ ಕೊಡೋ ನಾವು, ಅಂಗಿಗಿಷ್ಟು ಅಂತ ದುಡಿಯೋ ಮನುಷ್ಯನಿಗೆ ಮಾತ್ರ ನಲವತ್ತು ಪುಟ ಓದು ಅಂತೀವಿ. ಇದು ಸೊಕ್ಕಲ್ಲದೆ ಇನ್ನೇನು?

"ಘೋಷಣೆ ಕೂಗೋದು ಅಗ್ಗದ ರಾಜಕೀಯ, ನಮ್ಮ ಸಮಸ್ಯೆಗಳು ಸಂಕೀರ್ಣ" ಅನ್ನೋರು ಇದ್ದಾರೆ. ಸರಿ, ದೇವರಾಜ ಅರಸರ ಕಾಲ ನೆನಪಿಸಿಕೊಳ್ಳಿ. ಭೂಸುಧಾರಣೆಗಿಂತ ಸಂಕೀರ್ಣವಾದ ವಿಷಯ ಬೇಕೆ? 1974ರ ತಿದ್ದುಪಡಿ ಕಾಯ್ದೆ, ಫಾರಂ ನಂಬರ್ 7, ತಾಲ್ಲೂಕಿಗೊಂದು ಭೂನ್ಯಾಯ ಮಂಡಳಿ, ವರ್ಷಗಟ್ಟಲೆ ವಿಚಾರಣೆ. ಆದರೆ ಗೇಣಿದಾರನ ಕಿವಿಗೆ ಬಿದ್ದದ್ದು ಎರಡೇ ಪದ: ಉಳುವವನೇ ಹೊಲದೊಡೆಯ. ಅಷ್ಟು ಕೇಳಿದವನಿಗೆ ಫಾರಂ ಯಾಕೆ ತುಂಬಬೇಕು ಅಂತ ಗೊತ್ತಾಯಿತು. ತಲೆಮಾರುಗಳಿಂದ ಧಣಿಯ ಮುಂದೆ ಕೈಕಟ್ಟಿ ನಿಂತವನು ಕಚೇರಿಗೆ ಬಂದು ಅರ್ಜಿ ಹಾಕಲು ಅಷ್ಟು ಸ್ಪಷ್ಟತೆ ಬೇಕಿತ್ತು. ಕಷ್ಟದ ಕೆಲಸವೆಲ್ಲ ಸರ್ಕಾರದ ಪಾಲಿಗೆ, ಸರಳ ಮಾತು ಜನರ ಪಾಲಿಗೆ. ನಾವು ಇದನ್ನು ಉಲ್ಟಾ ಮಾಡಿದೆವು.

ಹಾಗಂತ ಚಿಕ್ಕದಾಗಿದ್ದರೆ ಸಾಕು ಅಂತಲೂ ಅಲ್ಲ. 2004ರಲ್ಲಿ ಬಿಜೆಪಿಯ "ಇಂಡಿಯಾ ಶೈನಿಂಗ್" ಎರಡೇ ಪದದ್ದು, ಜಾಹೀರಾತಿಗೆ ಕೊರತೆಯಿರಲಿಲ್ಲ. ಸೋತರು. ಹೊಳೆಯುತ್ತಿದೆ ಅಂದರೆ ಯಾರ ಮನೆಯಲ್ಲಿ ಸ್ವಾಮಿ? ಕೇಳಿದವನು ತನ್ನ ಬದುಕಿನ ಜೊತೆ ತಾಳೆ ಹಾಕಿ ನೋಡುತ್ತಾನೆ. ತಾಳೆಯಾಗದಿದ್ದರೆ ಎಷ್ಟು ಚಂದದ ಮಾತಾದರೂ ನೀರಿನಲ್ಲಿ ಹೋಮ.

2023ರ ಕಾಂಗ್ರೆಸ್ ಗ್ಯಾರಂಟಿಗಳನ್ನು ನೋಡಿ. 200 ಯೂನಿಟ್ ಕರೆಂಟು, ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ, ತಲೆಗೆ 10 ಕೆಜಿ ಅಕ್ಕಿ, ಹೆಂಗಸರಿಗೆ ಉಚಿತ ಬಸ್ಸು, ಕೆಲಸ ಸಿಗದ ಪದವೀಧರರಿಗೆ 3,000. ಒಂದು ಕೈಯಲ್ಲಿ ಎಣಿಸಬಹುದು. ನಿಮಗೆ ಈ ಯೋಜನೆಗಳ ಬಗ್ಗೆ ತಕರಾರಿರಬಹುದು, ಖಜಾನೆಯ ಲೆಕ್ಕದ ಬಗ್ಗೆ ನನಗೂ ಇದೆ. 135 ಸೀಟು ಬರೋಕೆ ಇದೊಂದೇ ಕಾರಣ ಅಂತಲೂ ನಾನು ಹೇಳಲ್ಲ. ನಾನು ಹೇಳೋದು ಗೆದ್ದ ಮೇಲಿನ ಕಥೆ. ಅಕ್ಕಿ ಸಾಲದೆ ಹೋದಾಗ ನ್ಯಾಯಬೆಲೆ ಅಂಗಡಿಗೆ ಬಂದವರೆಲ್ಲ "ಹತ್ತು ಕೆಜಿ ಅಂದಿದ್ರಲ್ಲ, ಐದೇ ಇದೆಯಲ್ಲ" ಅಂತ ಕೇಳಬಹುದಿತ್ತು. ಕೊನೆಗೆ ಸರ್ಕಾರ ಉಳಿದ ಐದು ಕೆಜಿಗೆ ಕೆಜಿಗೆ 34ರಂತೆ ತಲೆಗೆ 170 ರೂಪಾಯಿಯನ್ನು ಬ್ಯಾಂಕ್ ಖಾತೆಗೆ ಹಾಕಬೇಕಾಯಿತು.

ಸ್ಪಷ್ಟ ಮಾತಿನ ನಿಜವಾದ ಬೆಲೆ ಇಲ್ಲಿದೆ. ಅದು ಮತದಾರನ ಕೈಗೆ ಕೊಟ್ಟ ರಸೀದಿ. "ಸಮಗ್ರ ಅಭಿವೃದ್ಧಿ", "ಉತ್ತಮ ಆಡಳಿತ" ಅಂದರೆ ರಸೀದಿ ಇಲ್ಲದ ವ್ಯಾಪಾರ. ನಾಳೆ ಏನಂತ ಹಿಡಿದು ಕೇಳೋದು? ಹಳೇ ಪಕ್ಷಗಳು ಮಂಜು ಮಂಜಾಗಿ ಮಾತಾಡೋದು ತಪ್ಪಿಸಿಕೊಳ್ಳೋಕೆ. ಪ್ರಾಮಾಣಿಕರಾದ ನಾವೂ ಹಾಗೇ ಮಾತಾಡಿದರೆ, ಅವರಿಗೂ ನಮಗೂ ವ್ಯತ್ಯಾಸ ಜನರಿಗೆ ಕಾಣೋದು ಹೇಗೆ?

ಇದರ ನಷ್ಟ ಠೇವಣಿ ಹೋದದ್ದಷ್ಟೇ ಅಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ, ಇಡೀ ಊರು ಆಡಳಿತಾಧಿಕಾರಿಗಳ ಕೈಯಲ್ಲಿ. ರಸ್ತೆ ಗುಂಡಿ ಬಿದ್ದರೆ, ಚರಂಡಿ ಕಟ್ಟಿದರೆ ಹೋಗಿ ಕೇಳೋಕೆ ಕಾರ್ಪೊರೇಟರೇ ಇಲ್ಲ. ಜನ ದಂಗೆ ಎದ್ದರಾ? ಇಲ್ಲ. ಯಾಕೆಂದರೆ 74ನೇ ತಿದ್ದುಪಡಿಗೂ ತಮ್ಮ ಬೀದಿಯ ಚರಂಡಿಗೂ ಇರುವ ನಂಟನ್ನು ಅವರಿಗೆ ನಾವು ಅರ್ಥವಾಗುವ ಹಾಗೆ ಹೇಳಿರಲೇ ಇಲ್ಲ.

ಆ ಇಸ್ತ್ರಿಯ ಹಿರಿಯರಿಗೆ ಹೇಳಬೇಕಾಗಿದ್ದ ಮಾತು ನನಗೆ ಹೊಳೆದದ್ದು ತುಂಬಾ ತಡವಾಗಿ: "ಯಜಮಾನ್ರೇ, ನಿಮ್ಮ ಬೀದಿಗೆ ಎಷ್ಟು ದುಡ್ಡು ಬಂತು, ಎಲ್ಲಿ ಹೋಯ್ತು ಅಂತ ಪ್ರತಿ ತಿಂಗಳು ನಿಮ್ಮ ಮುಂದೆ ಲೆಕ್ಕ ಒಪ್ಪಿಸ್ತೀವಿ."

ಇಷ್ಟೇ. ಬಹುಶಃ ಆಗಲೂ ಅವರು ನಮಗೆ ಓಟು ಹಾಕುತ್ತಿರಲಿಲ್ಲವೇನೋ. ಆದರೆ ನಾವು ಏನು ಕೇಳೋಕೆ ಬಂದಿದ್ದೆವು ಅನ್ನೋದಾದರೂ ಅವರಿಗೆ ಗೊತ್ತಾಗುತ್ತಿತ್ತು. ಮುಂದಿನ ಸಲ ಟೀ ಶರ್ಟು ಹಾಕಿಕೊಂಡು ಬೀದಿಗಿಳಿಯುವ ಗೆಳೆಯರೇ, ಗೆಳತಿಯರೇ, ನಲವತ್ತು ಪುಟ ಬರೆಯಿರಿ, ಬೇಡ ಅನ್ನಲ್ಲ. ಆದರೆ ಮೊದಲು ಆ ಒಂದು ಮಾತು ಹುಡುಕಿಕೊಂಡು ಮನೆ ಬಿಡಿ.