ತಗ್ಗಿಗೊಂದು ಮೊಸಳಿ, ಓಣಿಗೊಬ್ಬ ಕಾಮಣ್ಣ

ಬೆಂಗಳೂರಿನ ಸುಲ್ತಾನಪಾಳ್ಯದಲ್ಲಿ ನೀರು ನಿಂತ ರಸ್ತೆಯ ತಗ್ಗಿನೊಳಗೆ 2015ರ ಜೂನ್‌ನಲ್ಲಿ ಒಂದು ಮೊಸಳೆ ಕಾಣಿಸಿತು. ಕಲಾವಿದ ಬಾದಲ್ ನಂಜುಂಡಸ್ವಾಮಿ ತಂದಿಟ್ಟ ಬೊಂಬೆ ಅದು. ತೂಕ ಸುಮಾರು 20 ಕಿಲೊ, ಖರ್ಚು ಸುಮಾರು 6 ಸಾವಿರ ರೂಪಾಯಿ. ಫೋಟೊ ಪೇಪರಿಗೆ ಬಂತು, ತಗ್ಗು ಮುಚ್ಚಿತು. 2019ರ ಸೆಪ್ಟೆಂಬರಿನಲ್ಲಿ ಅದೇ ಕಲಾವಿದರು ತುಂಗಾನಗರದ ರಸ್ತೆಯ ಮೇಲೆ ಗಗನಯಾತ್ರಿಯ ವೇಷ ಹಾಕಿಸಿ ನಟರೊಬ್ಬರನ್ನು ನಡೆಸಿದರು. ನೋಡಿದವರಿಗೆ ಅದು ಚಂದ್ರನ ನೆಲವೇ. ಮಗ್ಗಲಲ್ಲಿ ಆಟೋ ಹಾದಾಗ ಗುಟ್ಟು ರಟ್ಟು! ಪಾಲಿಕೆಯವರು ರಿಪೇರಿಗೆ ತಡಮಾಡಲಿಲ್ಲ.

ಈ ಯುಕ್ತಿ ನವಲಗುಂದ, ಕುಂದಗೋಳದ ಕಡೆ ನಡೆದೀತೇ? ಮೊದಲನೆಯ ತೊಡಕು, ಮೊಸಳೆ ಯಾರ ತಗ್ಗಿನಲ್ಲಿ ಕೂತಿದೆ ಎಂಬುದು. ನವಲಗುಂದ, ಅಣ್ಣಿಗೇರಿಗೆ ಪುರಸಭೆ. ಕುಂದಗೋಳ, ಕಲಘಟಗಿಗೆ ಪಟ್ಟಣ ಪಂಚಾಯಿತಿ. ಊರ ನಡುವೆ ಹಾಯುವ ದೊಡ್ಡ ರಸ್ತೆಗೆ ಲೋಕೋಪಯೋಗಿ ಇಲಾಖೆ. 'ನಮ್ಮದಲ್ಲ, ಅವರದು' ಅನ್ನೂದ್ರಾಗ ಮಳೆಗಾಲ ಮುಗೀತೈತಿ. ಎರಡನೆಯದು ನೆಲ. ನವಲಗುಂದದ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ. ತಳ ಗಟ್ಟಿ ಮಾಡದೆ ಮೇಲೆ ಡಾಂಬರು ಬಳಿದರೆ ನಿಲ್ಲುವುದಿಲ್ಲ. ಬುಟ್ಟಿ ಗರಸು ಸುರಿದು ಹೋದರಂತೂ ಮುಂದಿನ ಮಳೆಗೆ ಮತ್ತೆ ಅದೇ ತಗ್ಗು, ಅದೇ ಬಸ್ಸು, ಅದೇ ಸೊಂಟನೋವು. ಭತ್ತದ ಸೀಮೆಯಾದ ಕಲಘಟಗಿಯಲ್ಲಾದರೆ ಮೊಸಳೆಯ ಖರ್ಚೂ ಬೇಡ, ತಗ್ಗಿನಲ್ಲೇ ನಾಟಿ ಮಾಡಬಹುದು. ಆ ಪ್ರತಿಭಟನೆ ರಾಜ್ಯದ ತುಂಬ ಹಳೆಯದಾಗಿದೆ, ಸಾಹೇಬರಿಗೂ ರೂಢಿಯಾಗಿದೆ.

ಹಾಗಂತ ಬೀದಿಯ ರೂಪ ಬದಲಿಸುವ ವಿದ್ಯೆ ಈ ಭಾಗಕ್ಕೆ ಹೊಸದಲ್ಲ. ಹೋಳಿ ಹುಣ್ಣಿಮೆಯ ಹೊತ್ತಿಗೆ ನವಲಗುಂದಕ್ಕೆ ಹೋದವರಿಗೆ ಅದು ಗೊತ್ತು. ರಾಮಲಿಂಗ ಕಾಮಣ್ಣನ ದರ್ಶನಕ್ಕೆ ದೂರದೂರದ ಮಂದಿ ಬಂದು ಪಾಳಿ ಹಚ್ಚುತ್ತಾರೆ. ಮದುವಿ ಆಗಲಿ, ಮಕ್ಕಳಾಗಲಿ ಅಂತ ಬೇಡಿಕೊಳ್ಳುತ್ತಾರೆ. ಹರಕೆ ತೀರಿಸಲು ಬೆಳ್ಳಿ ತೊಟ್ಟಿಲು ತರುವವರೂ ಇದ್ದಾರೆ. ಉಳಿದ ಊರುಗಳ ಓಣಿಗಳಲ್ಲೂ ಕಾಮಣ್ಣ-ರತಿ ಕೂಡ್ರುತ್ತಾರೆ, ಹಲಗಿ ಬಡಿಯುತ್ತದೆ. ದಿನಾ ಮೋಟಾರ್ ಸೈಕಲ್ಲಿಗೆ ಅಂಜಿ ಗೋಡೆ ಹಿಡಿದು ನಡೆಯುವ ಮುದುಕರು ಆ ನಾಲ್ಕು ದಿನ ರಸ್ತೆ ನಡುವೆ ಕುರ್ಚಿ ಹಾಕ್ಕೊಂಡು ಕೂತಿರುತ್ತಾರೆ. ಆಮೇಲೆ ಕಾಮದಹನ, ಬೂದಿ, ಬಣ್ಣ. ಬೀದಿ ಮತ್ತೆ ಗಾಡಿಗಳ ಪಾಲು.

ಬೆಂಗಳೂರಿನ ಮೊಸಳೆ ಒಬ್ಬ ಕಲಾವಿದನದು, ಅಧಿಕಾರಿಯ ಮುಖಕ್ಕೆ ಹಿಡಿದ ಕನ್ನಡಿ. ಕಾಮಣ್ಣ ಪಟ್ಟಿ ಎತ್ತಿ ಕೂಡ್ರಿಸಿದ್ದು, ಅಂಗಡಿಕಾರರ ರೊಕ್ಕ, ಹುಡುಗರ ದುಡಿಮೆ. ಈ ಜನಬಲ ಕ್ಯಾಮೆರಾಕ್ಕಿಂತ ದೊಡ್ಡದು. ಆದರೆ ಅದು ರಸ್ತೆಯ ಲೆಕ್ಕ ಕೇಳಲು ಬಳಕೆಯಾಗುವುದು ಕಡಿಮೆ, ಹಬ್ಬ ಮುಗಿದೊಡನೆ ಚದುರುತ್ತದೆ.

ಇನ್ನೊಂದು ಮಾತು ಕಮಿಟಿಯವರಿಗೂ ಹೇಳಬೇಕು. ಪೆಂಡಾಲದ ಕಂಬಕ್ಕೆ ರಸ್ತೆಯಲ್ಲಿ ಅಗೆದ ಕುಣಿಗಳಲ್ಲೇ ಮುಂಗಾರಿನ ಮೊದಲ ನೀರು ನಿಲ್ಲುವುದು. ಪರವಾನಗಿ ಕೊಡುವ ದಿನವೇ ಆ ಕುಣಿ ಮುಚ್ಚುವವರು ಯಾರು, ಖರ್ಚು ಯಾರದು ಅಂತ ಪುರಸಭೆ ಬರೆಸಿಕೊಳ್ಳಲಿ. ಉಳಿದ ತಗ್ಗುಗಳ ಲೆಕ್ಕವನ್ನು ಕಮಿಟಿಯವರು ಅದೇ ಟೇಬಲ್ಲಿನ ಮುಂದೆ ಕೂತು ಕೇಳಲಿ.